ಕೇಪಳದ ಹೂವೂ ಈಶ್ವರನ ಹೆಸರೂ

೧

ಅರಸರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳುಂಟು, ನಾಣ್ಯಗಳುಂಟು, ಕೈಫಿಯತ್ತುಗಳುಂಟು. ಗುಡ್ಡದ ಮೇಲಣ ಒಂದು ಗಿಡದ ಚರಿತ್ರೆಯನ್ನು ಬರೆಯಹೊರಟವರಿಗೆ ಅಂತಹ ಸಾಧನಗಳು ವಿರಳ. ಗಿಡವು ತನ್ನ ಕಾಲದಲ್ಲಿ ಹೂಬಿಟ್ಟು, ಕಾಯಾಗಿ, ಹಣ್ಣಾಗಿ ಉದುರಿಹೋಗುತ್ತದೆ. ಅದರ ಹಿಂದೆ ಉಳಿಯುವ ಮುಖ್ಯವಾದ ದಾಖಲೆಯೆಂದರೆ ಜನರು ಅದಕ್ಕಿಟ್ಟ ಹೆಸರುಗಳು. ಆದರೆ ಹೆಸರೆಂಬುದು ಸಾಮಾನ್ಯವಾದ ಸಾಕ್ಷಿಯಲ್ಲ. ಆ ಗಿಡದಲ್ಲಿ ಯಾವ ಗುಣವನ್ನು ಜನರು ಮೊದಲು ಕಂಡರು, ಯಾವ ದೇವರಿಗೆ ಅದರ ಹೂವನ್ನು ಏರಿಸಿದರು, ಒಬ್ಬರ ನುಡಿಯನ್ನು ಮತ್ತೊಬ್ಬರು ಯಾವ ರೀತಿಯಲ್ಲಿ ಕೇಳಿ ಬರೆದುಕೊಂಡರು ಎಂಬುದೆಲ್ಲವೂ ಹೆಸರಿನೊಳಗೆ ಅಡಗಿರುತ್ತದೆ. ಪಡುವಣ ಕರಾವಳಿಯ ಕೇಪಳವು ಇದಕ್ಕೆ ಒಳ್ಳೆಯ ನಿದರ್ಶನ.

ತುಳುನಾಡಿನಲ್ಲಿ ಕೇಪುಳವೆಂದೂ ಕೇಪಳವೆಂದೂ, ಕನ್ನಡದಲ್ಲಿ ಕಿಸುಕಾರೆಯೆಂದೂ, ಮಲೆಯಾಳದಲ್ಲಿ ಚೆತ್ತಿ ಅಥವಾ ತೆಚ್ಚಿಯೆಂದೂ, ತಮಿಳಿನಲ್ಲಿ ವೆಟ್ಚಿಯೆಂದೂ ಕರೆಯಲ್ಪಡುವ ಈ ಪೊದೆಯು ದಕ್ಷಿಣ ಭಾರತಕ್ಕೂ ಸಿಂಹಳದ್ವೀಪಕ್ಕೂ ಸಹಜವಾದುದು. ಸಾಮಾನ್ಯವಾಗಿ ಆಳೆತ್ತರಕ್ಕೆ ಬೆಳೆಯುತ್ತದೆ. ಎಲೆಗಳು ಇದಿರುಬದಿರಾಗಿ ಜೋಡಿಜೋಡಿಯಾಗಿರುತ್ತವೆ. ತೊಟ್ಟು ಇಲ್ಲವೆಂಬಷ್ಟು ಗಿಡ್ಡ. ಎರಡು ಎಲೆಗಳ ನಡುವೆ ಮುಳ್ಳಿನಂತೆ ಮೊನೆಯುಳ್ಳ ಚಿಕ್ಕದೊಂದು ಪೊರೆಯಿರುತ್ತದೆ. ಕಾಫಿಯ ಗಿಡವನ್ನು ಬಲ್ಲವರು ಅದರಲ್ಲಿಯೂ ಇಂತಹುದನ್ನೇ ಕಂಡಿರುವರು. ಏಕೆಂದರೆ ಕಾಫಿಯೂ ಕೇಪಳವೂ ಸಸ್ಯಶಾಸ್ತ್ರಜ್ಞರು ರೂಬಿಯೇಸಿ ಎಂದು ಕರೆಯುವ ಒಂದೇ ಕುಟುಂಬಕ್ಕೆ ಸೇರಿದವು. ಕೊಂಬೆಯ ತುದಿಯಲ್ಲಿ ಹತ್ತಾರು ಹೂಗಳು ಒಂದು ಗೊಂಚಲಾಗಿ ಅರಳುತ್ತವೆ. ಒಂದೊಂದು ಹೂವೂ ಒಂದಂಗುಲಕ್ಕೆ ಮಿಕ್ಕ ಉದ್ದದ ಸಣ್ಣ ಕೊಳವೆ. ಅದರ ಬಾಯಲ್ಲಿ ಮೊನಚಾದ ನಾಲ್ಕು ಎಸಳುಗಳು. ಬಣ್ಣವು ಕೆಂಡದ ಕೆಂಪು. ಹೂವು ಉದುರಿದ ಮೇಲೆ ಬಟಾಣಿಯ ಗಾತ್ರದ ಕಾಯಿಗಳು ಕೆಂಪಾಗಿ, ಚೆನ್ನಾಗಿ ಕಳಿತಾಗ ಕಪ್ಪಿಗೆ ತಿರುಗುತ್ತವೆ. ಗುಡ್ಡದ ಮಕ್ಕಳಿಗೂ ಪಿಕಳಾರ ಹಕ್ಕಿಗೂ ಈ ಹಣ್ಣಿನ ರುಚಿಯು ಚೆನ್ನಾಗಿ ತಿಳಿದಿದೆ.

೨

ಮೊದಲು ಕನ್ನಡದ ಹೆಸರನ್ನು ಪರಿಶೀಲಿಸಬಹುದು. ಕಿಸುಕಾರೆ ಎಂಬುದರಲ್ಲಿ ಎರಡು ಮಾತುಗಳಿವೆ. ಕಿಸು ಎಂದರೆ ಹಳಗನ್ನಡದಲ್ಲಿ ಕೆಂಪು. ಕೆಂಪಾದ ಕಣ್ಣು ಕಿಸುಗಣ್. ಚಾಲುಕ್ಯರ ದೇವಾಲಯಗಳಿಂದ ಪ್ರಖ್ಯಾತವಾದ ಪಟ್ಟದಕಲ್ಲಿಗೆ ಅಲ್ಲಿಯ ಕೆಂಪುಕಲ್ಲಿನ ಕಾರಣದಿಂದ ಕಿಸುವೊಳಲ್ ಎಂಬ ಹೆಸರು ಇದ್ದಿತು. ಇನ್ನು ಕಾರೆಯೆಂಬುದು ಬಯಲುಸೀಮೆಯ ಕುರುಚಲು ಕಾಡಿನ ಮುಳ್ಳುಪೊದೆ. ದನಕಾಯುವ ಹುಡುಗರು ಅದರ ಹಣ್ಣನ್ನು ತಿನ್ನುವರು. ಹೀಗೆ ಕಿಸುಕಾರೆಯೆಂದರೆ ಕೆಂಪು ಹೂವಿನ ಕಾರೆ ಎಂದಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕಾರೆಗೆ ಮುಳ್ಳುಂಟು, ಕೇಪಳಕ್ಕೆ ಮುಳ್ಳಿಲ್ಲ. ಕಾರೆಯ ಹೂವು ಅಲ್ಪವಾದುದು, ಕೇಪಳದ ಹೂವು ಕಣ್ಣು ಕೋರೈಸುವಂತಹುದು. ಹೊರನೋಟಕ್ಕೆ ಇವೆರಡನ್ನೂ ಒಂದೇ ಹೆಸರಿನಲ್ಲಿ ಕಟ್ಟುವುದಕ್ಕೆ ಕಾರಣವೇ ಕಾಣದು. ಆದರೆ ಕಾರೆಯೂ ಅದೇ ಕಾಫಿಯ ಕುಟುಂಬಕ್ಕೆ ಸೇರಿದ ಗಿಡವೆಂದು ಸಸ್ಯಶಾಸ್ತ್ರಜ್ಞರು ಹೂವನ್ನು ಸೀಳಿ, ಎಲೆಯ ಬುಡವನ್ನು ಪರೀಕ್ಷಿಸಿ ನಿರ್ಣಯಿಸಿರುವರು. ಜೋಡಿಯೆಲೆ, ಎಲೆಗಳ ನಡುವಣ ಪೊರೆ, ಕಾಯಿಯ ತಲೆಯ ಮೇಲೆ ಉಳಿಯುವ ಸಣ್ಣ ಕಿರೀಟ ಇವು ಎರಡಕ್ಕೂ ಸಮಾನ. ಅಕ್ಷರವನ್ನರಿಯದ ಗೋವಳನ ಕಣ್ಣು ಈ ಲಕ್ಷಣಗಳನ್ನು ಹಿಡಿದಿತ್ತೆಂದು ತೋರುತ್ತದೆ. ಹಳ್ಳಿಯ ಹೆಸರನ್ನು ಅಜ್ಞಾನದ ಮಾತೆಂದು ತಳ್ಳಿಬಿಡುವವರು ಈ ಒಂದು ಶಬ್ದದ ಮುಂದೆ ಸ್ವಲ್ಪ ಕಾಲ ನಿಲ್ಲಬೇಕು.

ಕೇಪಳವೆಂಬ ಹೆಸರಿನ ಮೊದಲಕ್ಷರದಲ್ಲಿಯೂ ಇದೇ ಕೆಂಪು ಅಡಗಿದೆಯೆಂದು ಊಹಿಸುವುದಕ್ಕೆ ಅವಕಾಶವಿದೆ. ಕೆಂದಾವರೆ, ಕೇಸಡಿ, ಕಿಸುಗಣ್ ಎಂಬ ಸಮಾಸಗಳಲ್ಲಿ ಕೆಂಪೆಂಬ ಗುಣವಾಚಕವು ಮುಂದಿನ ಅಕ್ಷರಕ್ಕನುಸಾರವಾಗಿ ಕೆಂ, ಕೇ, ಕಿಸು ಎಂದು ರೂಪವನ್ನು ಬದಲಿಸುವುದನ್ನು ಹಳಗನ್ನಡ ವ್ಯಾಕರಣವನ್ನೋದಿದವರು ಬಲ್ಲರು.

ತಮಿಳಿನ ವೆಟ್ಚಿಯ ಚರಿತ್ರೆಯು ಇನ್ನೊಂದು ಬಗೆಯದು. ಪ್ರಾಚೀನ ತಮಿಳು ಲಕ್ಷಣಗ್ರಂಥವಾದ ತೊಲ್ಕಾಪ್ಪಿಯವು ಯುದ್ಧದ ಸಂದರ್ಭಗಳಿಗೆ ಹೂಗಳ ಹೆಸರನ್ನಿಟ್ಟಿರುವುದು ವಿದ್ವಾಂಸರಿಗೆ ತಿಳಿದೇ ಇದೆ. ಆ ವಿಭಾಗಗಳಲ್ಲಿ ಮೊದಲನೆಯದೇ ವೆಟ್ಚಿ. ಅದರ ವಿಷಯ ಶತ್ರುವಿನ ದನಗಳನ್ನು ಹಿಡಿದು ತರುವುದು, ಎಂದರೆ ಗೋಗ್ರಹಣ. ತುರುಗಳನ್ನು ಹಿಡಿಯಹೋಗುವ ವೀರರು ಕೆಂಪಾದ ವೆಟ್ಚಿಯ ಹೂವನ್ನು ಮುಡಿಯುವುದು ಸಂಪ್ರದಾಯ. ಪ್ರೇಮದ ಪ್ರಕರಣದಲ್ಲಿ ಬೆಟ್ಟಸೀಮೆಯ ಕುರಿಂಜಿಗೆ ಯಾವ ಸ್ಥಾನವೋ ಯುದ್ಧದ ಪ್ರಕರಣದಲ್ಲಿ ವೆಟ್ಚಿಗೆ ಆ ಸ್ಥಾನ. ಕನ್ನಡ ನಾಡಿನ ಊರೂರುಗಳಲ್ಲಿಯೂ ತುರುಗೊಳಿನಲ್ಲಿ ಮಡಿದವರ ವೀರಗಲ್ಲುಗಳು ನಿಂತಿವೆ. ಆ ಕಲ್ಲುಗಳು ವೀರನ ಹೆಸರನ್ನೂ ಊರಿನ ಹೆಸರನ್ನೂ ಹೇಳುತ್ತವೆ. ಅಂತಹ ಕಾಳಗಕ್ಕೆ ಹೊರಡುವವನ ಮುಡಿಯ ಹೂವು ಯಾವುದೆಂಬುದನ್ನು ತಮಿಳಿನ ಕವಿಗಳು ಹೇಳಿದರು. ಎರಡನ್ನೂ ಸೇರಿಸಿ ಓದಿದಾಗ ದಕ್ಷಿಣದೇಶದ ಆ ಕಾಲದ ಜೀವನವು ಇನ್ನಷ್ಟು ಸ್ಪಷ್ಟವಾಗುತ್ತದೆ.

೩

ಸಂಸ್ಕೃತದಲ್ಲಿ ಈ ಗಿಡಕ್ಕೆ ಯಾವ ಹೆಸರೆಂಬ ಪ್ರಶ್ನೆಯು ಸುಲಭವಲ್ಲ. ಅನೇಕ ಔಷಧಗ್ರಂಥಗಳ ಪಟ್ಟಿಗಳಲ್ಲಿ ಇದನ್ನು ಬಂಧೂಕವೆಂದು ಬರೆದಿರುವುದು ಕಾಣಬರುತ್ತದೆ. ಆದರೆ ಕಾವ್ಯಗಳ ಬಂಧೂಕವು ಬೇರೆ. ಅಮರಕೋಶದಲ್ಲಿ ಬಂಧೂಕ, ಬಂಧುಜೀವಕ, ರಕ್ತಕ ಎಂಬ ಪರ್ಯಾಯಗಳುಳ್ಳ ಆ ಹೂವು, ಕವಿಗಳು ಶರದೃತುವಿನ ವರ್ಣನೆಯಲ್ಲಿ ತರುವ, ಸುಂದರಿಯರ ತುಟಿಗೆ ಹೋಲಿಸುವ ಹೂವು, ಕನ್ನಡದಲ್ಲಿ ಬಂದುಗೆಯೆಂದು ತದ್ಭವವಾದ ಹೂವು, ನೀರು ನಿಲ್ಲುವ ಗದ್ದೆಗಳ ಬದಿಯಲ್ಲಿ ಒಂದು ವರುಷ ಮಾತ್ರ ಬದುಕುವ ಸಣ್ಣ ಗಿಡದ್ದು. ಅದು ನಡುಹಗಲಿನಲ್ಲಿ ಅರಳುತ್ತದೆ. ಅದಕ್ಕೆ ಎಸಳು ಐದು. ಕೇಪಳವು ಹಲವು ವರುಷ ಬದುಕುವ ಗಟ್ಟಿ ಪೊದೆ. ಅದಕ್ಕೆ ಎಸಳು ನಾಲ್ಕು. ಎರಡಕ್ಕೂ ಸಮಾನವಾದುದು ಕೆಂಪು ಬಣ್ಣವೊಂದೇ.

ಇಂತಹ ಸಾಂಕರ್ಯಕ್ಕೆ ಕಾರಣವನ್ನು ಊಹಿಸಬಹುದು. ಕೇಪಳವು ದಕ್ಷಿಣದ ಗಿಡ. ಉತ್ತರದೇಶದ ಗಿಡಗಳನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದ ನಿಘಂಟುಗಳು ದಕ್ಷಿಣಕ್ಕೆ ಬಂದಾಗ, ಇಲ್ಲಿಯ ಪಂಡಿತರು ತಮ್ಮ ಗುಡ್ಡದ ಗಿಡಗಳಿಗೆ ಆ ಶಬ್ದಗಳನ್ನು ಹೊಂದಿಸಬೇಕಾಯಿತು. ಶಬ್ದವು ದೊರೆತಲ್ಲಿ ಗಿಡವಿಲ್ಲ, ಗಿಡವಿದ್ದಲ್ಲಿ ಶಬ್ದವಿಲ್ಲ. ಬಣ್ಣವೋ ಗುಣವೋ ಹೊಂದಿದರೆ ಹೆಸರನ್ನು ಕೊಟ್ಟುಬಿಡುವುದು ಅನಿವಾರ್ಯವಾಗಿತ್ತು. ಕೇರಳದ ವೈದ್ಯರು ಮಾತ್ರ ಇದಕ್ಕೆ ಪಾರಂತೀ ಎಂಬ ಪ್ರತ್ಯೇಕವಾದ ಹೆಸರನ್ನು ಬಳಸುವರು. ಚರ್ಮರೋಗಗಳಿಗೆ ಅಲ್ಲಿ ತಯಾರಿಸುವ ಪಾರಂತ್ಯಾದಿ ಕೇರವೆಂಬ ತೆಂಗಿನೆಣ್ಣೆಯ ತೈಲಕ್ಕೆ ಹೆಸರು ಬಂದುದು ಇದರಿಂದಲೇ. ತುಳುನಾಡಿನ ಅಡಿಗೆಮನೆಯಲ್ಲಿ ಕೇಪಳದ ತಂಬುಳಿಯಾಗುತ್ತದೆ. ಮನೆಮದ್ದಿನಲ್ಲಿ ಇದರ ಬೇರನ್ನು ಅತಿಸಾರಕ್ಕೆ ಕೊಡುವ ವಾಡಿಕೆಯೂ ಇದೆ. ಶಬ್ದವು ಅಸ್ಥಿರವಾಗಿದ್ದರೂ ಬಳಕೆಯು ಸ್ಥಿರವಾಗಿತ್ತೆಂಬುದಕ್ಕೆ ಇಷ್ಟು ಸಾಕು.

೪

ಇನ್ನು ಈ ಗಿಡವು ಲೋಕದ ಗ್ರಂಥಗಳಲ್ಲಿ ಹೇಗೆ ಪ್ರವೇಶಿಸಿತೆಂಬುದನ್ನು ನೋಡಬೇಕು. ೧೬೬೩ರಲ್ಲಿ ಡಚ್ಚರು ಪೋರ್ತುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. ೧೬೭೦ರಿಂದ ೧೬೭೭ರವರೆಗೆ ಅಲ್ಲಿ ಡಚ್ ಕಂಪೆನಿಯ ಅಧಿಕಾರಿಯಾಗಿದ್ದವನು ಹೆಂಡ್ರಿಕ್ ವಾನ್ ರೀಡ್. ಆತನು ಸಸ್ಯಶಾಸ್ತ್ರಜ್ಞನಲ್ಲ, ಯೋಧ. ಆದರೆ ಮಲೆಯಾಳದ ಕಾಡುಗಳ ಸಮೃದ್ಧಿಯನ್ನು ಕಂಡು ಬೆರಗಾಗಿ, ಅಲ್ಲಿಯ ಗಿಡಮರಗಳೆಲ್ಲವನ್ನೂ ಚಿತ್ರಸಹಿತವಾಗಿ ವರ್ಣಿಸುವ ಒಂದು ಮಹಾಗ್ರಂಥವನ್ನು ಸಿದ್ಧಪಡಿಸಲು ಸಂಕಲ್ಪಿಸಿದನು. ಅದೇ ಹೋರ್ಟಸ್ ಮಲಬಾರಿಕಸ್, ಎಂದರೆ ಮಲಬಾರಿನ ಉದ್ಯಾನ. ಲ್ಯಾಟಿನ್ ಭಾಷೆಯ ಈ ಗ್ರಂಥವು ಆಮ್‌ಸ್ಟರ್‌ಡ್ಯಾಮಿನಲ್ಲಿ ೧೬೭೮ರಿಂದ ೧೬೯೩ರವರೆಗೆ ೧೨ ಸಂಪುಟಗಳಾಗಿ ಅಚ್ಚಾಯಿತು. ಸಂಪುಟಗಳು ಪೂರ್ಣವಾಗುವುದನ್ನು ಕಾಣುವ ಭಾಗ್ಯ ರೀಡನಿಗೆ ಇರಲಿಲ್ಲ. ೧೬೯೧ರಲ್ಲಿ ಸಮುದ್ರಯಾನದಲ್ಲಿಯೇ ತೀರಿಕೊಂಡ ಆತನ ಸಮಾಧಿಯು ಸೂರತ್ತಿನಲ್ಲಿದೆ.

ಗ್ರಂಥದ ಮೇಲಣ ಹೆಸರು ರೀಡನದಾದರೂ ಒಳಗಣ ವಿದ್ಯೆಯು ಈ ನಾಡಿನದು. ಚೇರ್ತಲೆಯ ಸಮೀಪದ ಕಡಕ್ಕರಪ್ಪಳ್ಳಿಯ ಇಟ್ಟಿ ಅಚ್ಯುತನೆಂಬ ಈಳವ ವೈದ್ಯನು ತನ್ನ ಮನೆತನದ ಓಲೆಗರಿಯ ಗ್ರಂಥಗಳಿಂದ ಗಿಡಗಳ ಹೆಸರನ್ನೂ ಗುಣವನ್ನೂ ಉಪಯೋಗವನ್ನೂ ಹೇಳಿ ಬರೆಯಿಸಿದನು. ಅವನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ಸಹಾಯಕರಾಗಿದ್ದರು. ಪೋರ್ತುಗೀಸರ ಆಳ್ವಿಕೆಯ ಕಾಲದಲ್ಲಿ ಗೋವೆಯನ್ನು ಬಿಟ್ಟು ತೆಂಕಣಕ್ಕೆ ಬಂದ ಕುಲಗಳು ಕನ್ನಡ ಕರಾವಳಿಯಲ್ಲಿ ನೆಲೆಸಿದಂತೆಯೇ ಕೊಚ್ಚಿಯಲ್ಲಿಯೂ ನೆಲೆಸಿದ್ದುವು. ಈ ಮೂವರೂ ಅಂತಹ ಕುಲದವರು. ಇವರ ಕೊಂಕಣಿಯ ಪ್ರಮಾಣಪತ್ರವು ನಾಗರಿ ಲಿಪಿಯಲ್ಲಿಯೂ, ಅಚ್ಯುತನ ಪ್ರಮಾಣಪತ್ರವು ಮಲೆಯಾಳದ ಹಳೆಯ ಲಿಪಿಯಲ್ಲಿಯೂ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಎರಡೂ ೧೬೭೫ನೆಯ ಇಸವಿಯ ಏಪ್ರಿಲ್ ೨೦ನೆಯ ತಾರೀಕಿನವು.

ಕೆಲಸವು ನಡೆದ ಕ್ರಮವನ್ನು ಗಮನಿಸಿದರೆ ಅದರ ಕಷ್ಟವು ತಿಳಿಯುತ್ತದೆ. ವೈದ್ಯನು ಮಲೆಯಾಳದಲ್ಲಿ ಹೇಳುವನು. ಕೊಚ್ಚಿಯಲ್ಲಿಯೇ ಹುಟ್ಟಿದ ಇಮ್ಯಾನುಯೆಲ್ ಕಾರ್ನೇರೋ ಎಂಬ ದುಭಾಷಿಯು ಅದನ್ನು ಪೋರ್ತುಗೀಸಿಗೆ ತಿರುಗಿಸುವನು. ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಗುವುದು. ಚಿತ್ರಗಾರರು ಹಸಿಗಿಡವನ್ನು ನೋಡಿ ರೇಖೆಗಳನ್ನೆಳೆಯುವರು. ಚಿತ್ರದ ಮೂಲೆಯಲ್ಲಿ ಗಿಡದ ಹೆಸರನ್ನು ಲ್ಯಾಟಿನ್, ಮಲೆಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಕೆತ್ತುವರು. ಹೀಗೆ ೧೬೭೯ರ ಎರಡನೆಯ ಸಂಪುಟದಲ್ಲಿ ಕೇಪಳವು ತನ್ನ ಮಲೆಯಾಳದ ಹೆಸರಿನಿಂದಲೇ, ಷೆಟ್ಟಿ ಎಂಬ ಡಚ್ ಕಾಗುಣಿತದಲ್ಲಿ, ಯೂರೋಪಿನ ವಿದ್ವಾಂಸರ ಮುಂದೆ ಬಂದಿತು.

ಈ ಗ್ರಂಥವು ಅದು ಹುಟ್ಟಿದ ನಾಡಿನವರಿಗೆ ಬಹುಕಾಲ ಓದಲಾಗದೆ ಉಳಿಯಿತು. ಕೇರಳದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯವು ೨೦೦೩ರಲ್ಲಿಯೂ, ಮಲೆಯಾಳದ ಅನುವಾದವನ್ನು ೨೦೦೮ರಲ್ಲಿಯೂ ಪ್ರಕಟಿಸಿತು. ಮಲೆಯಾಳದಲ್ಲಿ ಹೇಳಲ್ಪಟ್ಟ ಮಾತು ಮತ್ತೆ ಮಲೆಯಾಳಕ್ಕೆ ಬರಲು ಮುನ್ನೂರಕ್ಕೂ ಮಿಕ್ಕ ವರುಷಗಳು ಹಿಡಿದುವು.

೫

ಷೆಟ್ಟಿಯು ಇಕ್ಸೋರಾ ಆದ ಸಂಗತಿಯು ಇನ್ನೂ ವಿಚಿತ್ರವಾದುದು. ಸ್ವೀಡನ್ ದೇಶದ ಲಿನ್ನೇಯಸನು ಸಸ್ಯಗಳಿಗೆ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ಸ್ಥಾಪಿಸಿದವನು. ಮಲಬಾರನ್ನು ಅವನು ಕಣ್ಣಿನಿಂದ ಕಂಡವನಲ್ಲ. ಆದರೆ ರೀಡನ ಗ್ರಂಥದ ಮೇಲೆ ಅವನಿಗೆ ವಿಶೇಷ ವಿಶ್ವಾಸವಿತ್ತು. ನಂಬಿಕೆಗೆ ಅರ್ಹರೆಂದು ಅವನು ೧೭೩೭ರಲ್ಲಿ ಎಣಿಸಿದ ಕೆಲವೇ ಗ್ರಂಥಕಾರರಲ್ಲಿ ರೀಡನೂ ಒಬ್ಬ. ೧೭೫೩ರಲ್ಲಿ ಪ್ರಕಟವಾದ ಸ್ಪೀಷೀಸ್ ಪ್ಲಾಂಟಾರಮ್ ಎಂಬ ಗ್ರಂಥದಲ್ಲಿ ಈ ಗಿಡಕ್ಕೆ ಇಕ್ಸೋರಾ ಕಾಕ್ಸಿನಿಯಾ ಎಂಬ ಹೆಸರು ಕಾಣುತ್ತದೆ. ಕಾಕ್ಸಿನಿಯಾ ಎಂದರೆ ಕಡುಗೆಂಪು. ಇಕ್ಸೋರಾ ಎಂದರೆ ಈಶ್ವರ.

ಈಶ್ವರನು ಇಕ್ಸೋರಾ ಆದುದು ಹೀಗೆ. ಪೋರ್ತುಗೀಸರು ಈಶ್ವರನೆಂಬುದನ್ನು ಕೇಳಿ ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಅವರ ಭಾಷೆಯಲ್ಲಿ ಎಕ್ಸ್ ಎಂಬ ಅಕ್ಷರಕ್ಕೆ ಶಕಾರದ ಉಚ್ಚಾರಣೆಯುಂಟು. ಆದುದರಿಂದ ಅವರು ಬರೆದುದನ್ನು ಅವರೇ ಓದಿದರೆ ಇಶೋರ ಎಂದಾಗುತ್ತಿತ್ತು. ಹಳ್ಳಿಯವರು ಈಸೋರ ಎನ್ನುವುದಕ್ಕೆ ಅದು ಬಹಳ ದೂರವಲ್ಲ. ಅದೇ ಅಕ್ಷರಗಳನ್ನು ಲ್ಯಾಟಿನ್ನಿನ ಪಂಡಿತರು ತಮ್ಮ ರೀತಿಯಲ್ಲಿ ಓದಿದಾಗ ಶಕಾರವು ಹೋಗಿ ಕಕಾರ ಸಕಾರಗಳು ಸೇರಿ ಇಕ್ಸೋರಾ ಆಯಿತು. ಈ ಹೂವನ್ನು ದೇವರಿಗೆ ಅರ್ಪಿಸುವರೆಂಬ ವಾರ್ತೆಯು ಯೂರೋಪಿಗೆ ಮುಟ್ಟಿತ್ತು. ಲಿನ್ನೇಯಸನು ಆ ದೇವರ ಹೆಸರನ್ನೇ ಗಿಡಕ್ಕಿಟ್ಟನು. ವಾಸ್ತವವಾಗಿ ಈ ಹೂವಿನಲ್ಲಿ ಶಿವನೊಬ್ಬನಿಗೇ ಅಧಿಕಾರವಿಲ್ಲ. ಮಲೆಯಾಳದ ಭಗವತಿಗೂ ಇದು ಸಲ್ಲುತ್ತದೆ, ಗುರುವಾಯೂರಿನ ಕೃಷ್ಣನಿಗೂ ಸಲ್ಲುತ್ತದೆ. ತೆಯ್ಯಂ ಕಟ್ಟುವವರ ಮುಡಿಯಲ್ಲಿಯೂ, ತುಳುನಾಡಿನ ದೈವಗಳ ಅಲಂಕಾರದಲ್ಲಿಯೂ ಇದರ ಕೆಂಪು ಕಾಣಬರುತ್ತದೆ.

ಇದಕ್ಕೆ ಮುಂಚೆಯೇ ಡಚ್ಚರ ಪೂರ್ವದ್ವೀಪಗಳಲ್ಲಿದ್ದ ರಂಫಿಯಸನೆಂಬ ವಿದ್ವಾಂಸನು ಈ ಜಾತಿಯ ಗಿಡಕ್ಕೆ ಕಾಡಿನ ಜ್ವಾಲೆ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟಿದ್ದನು. ಡಚ್ಚರ ಆಳ್ವಿಕೆಗೆ ಸೇರಿದ್ದ ದಕ್ಷಿಣ ಅಮೆರಿಕೆಯ ಸುರಿನಾಮಿನಲ್ಲಿಯೂ ಕೇಪಳವು ಬೇರೂರಿತು. ೧೯೭೫ರಲ್ಲಿ ಸ್ವತಂತ್ರವಾದ ಆ ದೇಶದ ರಾಷ್ಟ್ರಪುಷ್ಪವು ಇದೇ. ಅಲ್ಲಿಯ ಜನರು ಇದನ್ನು ಬೆಂಕಿಯಂತಹ ಒಲವು ಎಂಬರ್ಥ ಬರುವಂತೆ ಫಾಯಾ ಲೋಬಿ ಎಂದು ಕರೆಯುವರು. ಕನ್ನಡದವನು ಕೆಂಪನ್ನು ಕಂಡನು, ತಮಿಳಿನವನು ವೀರನ ಮುಡಿಯನ್ನು ಕಂಡನು, ರಂಫಿಯಸನು ಜ್ವಾಲೆಯನ್ನು ಕಂಡನು, ಸುರಿನಾಮಿನವನು ಒಲವನ್ನು ಕಂಡನು. ಗಿಡವನ್ನೇ ಕಾಣದ ಲಿನ್ನೇಯಸನು ದೇವರನ್ನು ಕೇಳಿದನು.

೬

ಈ ಚರಿತ್ರೆಯಲ್ಲಿ ಕನ್ನಡ ನಾಡಿನವರಿಗೆ ಪರಿಚಿತನಾದ ಮತ್ತೊಬ್ಬನು ಬರುವನು. ೧೭೯೯ರಲ್ಲಿ ಟೀಪೂಸುಲ್ತಾನನು ಮಡಿದ ಬಳಿಕ, ೧೮೦೦ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸ್ಥಿತಿಯನ್ನು ಪರಿಶೀಲಿಸಲು ಇಂಗ್ಲಿಷ್ ಸರಕಾರವು ಕಳುಹಿಸಿದ ಫ್ರಾನ್ಸಿಸ್ ಬುಕಾನನನು ವೃತ್ತಿಯಿಂದ ವೈದ್ಯ, ಅಭಿರುಚಿಯಿಂದ ಸಸ್ಯಶಾಸ್ತ್ರಜ್ಞ. ಆತನ ಪ್ರವಾಸಗ್ರಂಥವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಮಲಬಾರಿನ ಅಂಗಾಡಿಪುರದಲ್ಲಿ, ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೊಡ್ಡಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಅವನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಯೆಂಬರ್ಥದ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಕರಾವಳಿಯವರು ಮುರಕಲ್ಲೆಂದು ಕರೆಯುವುದು ಇದನ್ನೇ. ಅದೇ ಬುಕಾನನನು ಮುಂದೆ ೧೮೨೨ರಿಂದ ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಹೋರ್ಟಸ್ ಮಲಬಾರಿಕಸ್ ಗ್ರಂಥಕ್ಕೆ ವ್ಯಾಖ್ಯಾನವನ್ನೂ ಪ್ರಕಟಿಸಿದನು.

ಕಲ್ಲಿಗೆ ಹೆಸರಿಟ್ಟವನೂ ಗಿಡಗಳ ಗ್ರಂಥಕ್ಕೆ ವ್ಯಾಖ್ಯಾನ ಬರೆದವನೂ ಒಬ್ಬನೇ ಆದುದು ಕೇಪಳದ ಮಟ್ಟಿಗೆ ಬಹಳ ಉಚಿತವಾಗಿದೆ. ಏಕೆಂದರೆ ಈ ಗಿಡಕ್ಕೂ ಮುರಕಲ್ಲಿಗೂ ಗಾಢವಾದ ಸಂಬಂಧವುಂಟು. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಸುಣ್ಣದ ಅಂಶ ಕಡಮೆ. ಮಣ್ಣು ಸ್ವಲ್ಪ ಹುಳಿ. ಕೇಪಳಕ್ಕೆ ಬೇಕಾದುದು ಇದೇ. ಸುಣ್ಣವು ಹೆಚ್ಚಾಗಿರುವ ನೆಲದಲ್ಲಿ ನೆಟ್ಟರೆ ಬೇರುಗಳು ಕಬ್ಬಿಣವನ್ನು ಹೀರಲಾರವು. ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು ನಡುವಣ ಭಾಗವು ಹಳದಿಯಾಗುತ್ತದೆ. ಮನೆಯ ಹೊಸ ಗೋಡೆಯ ಬುಡದಲ್ಲಿ, ಸಿಮೆಂಟಿನ ಚೂರು ಬಿದ್ದಲ್ಲಿ ನೆಟ್ಟ ಕೇಪಳವು ಬಿಳಿಚಿಕೊಳ್ಳುವುದಕ್ಕೆ ಕಾರಣವು ಇದಲ್ಲದೆ ಬೇರಲ್ಲ. ಅಂತಹ ಕಡೆ ಗೊಬ್ಬರವನ್ನು ಸುರಿಯುವುದಕ್ಕಿಂತ ಸ್ಥಳವನ್ನು ಬದಲಿಸುವುದೇ ಮೇಲು.

೭

ಹೂವಿನ ರಚನೆಯನ್ನು ವಿಚಾರಿಸಿದರೆ ಅದು ಯಾರಿಗಾಗಿ ಅರಳುತ್ತದೆಂಬುದು ವಿಶದವಾಗುತ್ತದೆ. ಮಕರಂದವು ಕೊಳವೆಯ ತಳದಲ್ಲಿದೆ. ಕೊಳವೆಯೋ ಸೂಜಿಯಷ್ಟು ಸಪೂರ. ಜೇನುನೊಣದ ನಾಲಗೆಯು ಅಷ್ಟು ಆಳಕ್ಕೆ ಇಳಿಯಲಾರದು. ಉದ್ದವಾದ ಹೀರುನಾಳವುಳ್ಳ ದೊಡ್ಡ ಚಿಟ್ಟೆಗಳೂ, ಬಾಗಿದ ಕೊಕ್ಕಿನ ಸೂರಕ್ಕಿಗಳೂ ಮಾತ್ರ ಅದನ್ನು ಸೇವಿಸಬಲ್ಲವು. ಮೊಗ್ಗು ಅರಳುವುದಕ್ಕೆ ಮೊದಲೇ ಕೇಸರಗಳು ಒಡೆದು ತಮ್ಮ ಪರಾಗವನ್ನು ನಡುವಣ ಶಲಾಕೆಯ ತುದಿಗೆ ಮೆತ್ತಿಬಿಡುತ್ತವೆ. ಹೂವು ಅರಳಿದಾಗ ಆ ತುದಿಯು ಕೊಳವೆಯಿಂದ ಹೊರಚಾಚಿ, ಬಂದ ಚಿಟ್ಟೆಗೆ ಪರಾಗವನ್ನು ಸವರುತ್ತದೆ. ಪರಾಗವು ಹೋದ ಬಳಿಕ ಅದೇ ತುದಿಯು ಎರಡಾಗಿ ಸೀಳಿ, ಬೇರೆ ಹೂವಿನಿಂದ ಬರುವ ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಮೊದಲು ಕೊಡುವುದು, ಆಮೇಲೆ ತೆಗೆದುಕೊಳ್ಳುವುದು. ಈ ಕ್ರಮದಿಂದ ಒಂದೇ ಹೂವಿನ ಪರಾಗವು ಅದರಲ್ಲಿಯೇ ನಿಲ್ಲುವ ಸಂಭವವು ಕಡಮೆಯಾಗುತ್ತದೆ.

ಕೇಪಳಕ್ಕೆ ಬರುವ ಅತಿಥಿಗಳಲ್ಲಿ ಅಗ್ರಗಣ್ಯವಾದುದು ಕಪ್ಪು ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆಗಳುಳ್ಳ ಸದರ್ನ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆ. ಕರ್ನಾಟಕದ ರಾಜ್ಯಚಿಟ್ಟೆಯೆಂದು ಘೋಷಿಸಲ್ಪಟ್ಟಿರುವುದು ಇದೇ. ಇದರ ಮರಿಹುಳುಗಳು ಕೇಪಳವನ್ನು ಮುಟ್ಟುವುದಿಲ್ಲ. ಅವುಗಳ ಆಹಾರವು ಈಶ್ವರಿ ಬಳ್ಳಿ ಮತ್ತು ಅದರ ಕುಟುಂಬದ ಗಿಡಗಳು. ಈಶ್ವರಿಯ ಬಳ್ಳಿಯಲ್ಲಿ ಬೆಳೆದು ಈಶ್ವರನ ಹೆಸರಿನ ಹೂವಿನಲ್ಲಿ ಮಧುವನ್ನುಣ್ಣುವ ಚಿಟ್ಟೆಯೆಂದರೆ ಕವಿಕಲ್ಪನೆಯೆಂದು ತೋರಬಹುದು. ಆದರೆ ಇದು ಗುಡ್ಡದ ತಪ್ಪಲಿನ ಊರುಗಳಲ್ಲಿ ಯಾರು ಬೇಕಾದರೂ ಕಂಡು ತಿಳಿಯಬಹುದಾದ ಸಂಗತಿ. ಮಂಕಿ ಪಝಲ್ ಎಂದು ಇಂಗ್ಲಿಷಿನಲ್ಲಿ ಹೆಸರಾದ ಮತ್ತೊಂದು ಪುಟ್ಟ ಚಿಟ್ಟೆಯಾದರೋ ಕೇಪಳದ ಎಲೆಯಲ್ಲಿಯೇ ಮೊಟ್ಟೆಯಿಡುತ್ತದೆ. ಹಣ್ಣುಗಳನ್ನು ಪಿಕಳಾರಗಳು ತಿಂದು ಬೀಜವನ್ನು ದೂರದ ಪೊದೆಗಳ ಬುಡಕ್ಕೆ ಮುಟ್ಟಿಸುತ್ತವೆ. ಹೀಗೆ ಒಂದೇ ಪೊದೆಯು ಹೂವಿನಿಂದ, ಎಲೆಯಿಂದ, ಹಣ್ಣಿನಿಂದ ಮೂರು ಬಗೆಯ ಪ್ರಾಣಿಗಳನ್ನು ಪೋಷಿಸುತ್ತದೆ.

೮

ಇಷ್ಟು ಹಳೆಯ ಸಂಬಂಧಗಳುಳ್ಳ ಗಿಡದ ಇಂದಿನ ಸ್ಥಿತಿಯೇನೆಂಬುದನ್ನು ಹೇಳದೆ ಚರಿತ್ರೆಯನ್ನು ಮುಗಿಸುವುದು ಯುಕ್ತವಲ್ಲ. ಮುರಕಲ್ಲಿನ ಪದವುಗಳನ್ನು ಹಿಂದೆ ಕೈಯಿಂದ ಕಡಿಯುತ್ತಿದ್ದರು. ಈಗ ಯಂತ್ರಗಳು ಕಡಿಯುತ್ತವೆ. ಕಲ್ಲು ಎದ್ದ ಕಡೆ ಮೇಲ್ಮಣ್ಣೂ ಪೊದೆಗಳೂ ಒಟ್ಟಿಗೆ ಹೋಗುತ್ತವೆ. ಕಲ್ಲನ್ನು ತೆಗೆಯದ ಗುಡ್ಡಗಳಲ್ಲಿ ಹಲವೆಡೆ ರಬ್ಬರಿನ ತೋಟಗಳು ಎದ್ದಿವೆ. ಉಳಿದ ಕುರುಚಲು ಕಾಡುಗಳಲ್ಲಿ, ೧೯ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಅಮೆರಿಕ ಖಂಡದ ಉಷ್ಣಸೀಮೆಗಳಿಂದ ತಂದ ಲಂಟಾನವು ಹಬ್ಬಿ ನಾಡಗಿಡಗಳ ನೆಲವನ್ನು ಆಕ್ರಮಿಸಿದೆ. ಲಂಟಾನದ ಹೂವಿಗೂ ಚಿಟ್ಟೆಗಳು ಬರುವುದು ನಿಜ. ಆದರೆ ಅದು ತನ್ನ ಅಡಿಯಲ್ಲಿ ಬೇರೆ ಗಿಡಗಳನ್ನು ಏಳಗೊಡುವುದಿಲ್ಲ. ಚಿಟ್ಟೆಗೆ ಮಧುವನ್ನು ಕೊಟ್ಟು, ಅದರ ಮರಿಗೆ ಬೇಕಾದ ಸೊಪ್ಪನ್ನು ಇಲ್ಲದಂತೆ ಮಾಡುತ್ತದೆ.

ಪೇಟೆಯ ಉದ್ಯ್ಯಾನಗಳಲ್ಲಿ ಕೇಪಳದ ಹೆಸರು ಇಲ್ಲದಿದ್ದರೂ ಇಕ್ಸೋರಾ ಎಂಬುದು ಧಾರಾಳವಾಗಿದೆ. ನರ್ಸರಿಗಳಲ್ಲಿ ಕುಂಡದಲ್ಲಿಟ್ಟು ಮಾರುವುವುಗಳಲ್ಲಿ ಬಹುಭಾಗವು ದಕ್ಷಿಣ ಚೀನಾ ಮತ್ತು ಮಲಯ ದೇಶಗಳ ಕಡೆಯ ಜಾತಿಯೋ, ಅದರ ಸಂಬಂಧದಿಂದ ಹುಟ್ಟಿಸಿದ ಗಿಡ್ಡ ತಳಿಗಳೋ ಆಗಿರುತ್ತವೆ. ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ನಾಡ ಕೇಪಳದ ಎಸಳುಗಳು ಮೊನಚು. ಚೀನಾ ಜಾತಿಯ ಎಸಳುಗಳ ತುದಿ ದುಂಡು. ಕೊಳ್ಳುವವರು ನರ್ಸರಿಯಲ್ಲಿ ಇಕ್ಸೋರಾ ಬೇಕೆಂದು ಕೇಳುವರು. ತಮ್ಮ ಊರಿನ ಗುಡ್ಡದಲ್ಲಿ ಅದರ ಒಡಹುಟ್ಟು ಇದೆಯೆಂಬುದಾಗಲಿ, ತಾವು ಉಚ್ಚರಿಸುತ್ತಿರುವುದು ಈಶ್ವರನ ಹೆಸರೆಂಬುದಾಗಲಿ ಅವರಿಗೆ ತಿಳಿದಿರುವುದಿಲ್ಲ. ಇಲ್ಲಿಂದ ಹೊರಟ ಶಬ್ದವು ಲಿಸ್ಬನ್, ಆಮ್‌ಸ್ಟರ್‌ಡ್ಯಾಮ್, ಉಪ್ಸಾಲಗಳನ್ನು ಸುತ್ತಿ, ಗುರುತು ಸಿಗದಷ್ಟು ರೂಪವನ್ನು ಬದಲಿಸಿ, ಇನ್ನೊಂದು ದೇಶದ ಗಿಡವನ್ನು ಜತೆಗೆ ಕರೆದುಕೊಂಡು ಹಿಂದಿರುಗಿದಂತಾಯಿತು.

ಇನ್ನೊಂದು ದೋಷವು ಕತ್ತರಿಯದು. ಕೇಪಳದ ಜಾತಿಯ ಗಿಡಗಳಲ್ಲಿ ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ. ಬೇಲಿಯನ್ನು ಗೋಡೆಯಂತೆ ಸಮನಾಗಿ ಕಾಣಿಸಬೇಕೆಂದು ತಿಂಗಳು ತಿಂಗಳೂ ತುದಿಯನ್ನು ಸವರಿದರೆ ಬರಬೇಕಾದ ಹೂವನ್ನೇ ಸವರಿದಂತೆ. ಅಂತಹ ಬೇಲಿಯು ಹಸಿರಾಗಿದ್ದರೂ ಸೂರಕ್ಕಿಗೆ ಮುಚ್ಚಿದ ಬಾಗಿಲು. ಹೂಬಿಟ್ಟು ಹಣ್ಣಾಗಿ ಮುಗಿದ ಮೇಲೆ ಒಮ್ಮೆ ಹದವಾಗಿ ಕತ್ತರಿಸಿ ಬಿಟ್ಟರೆ ಗಿಡವೂ ಒತ್ತಾಗಿ ಬೆಳೆಯುತ್ತದೆ, ಹೂವಿಗೂ ಲೋಪವಿಲ್ಲ.

ಕೇಪಳವನ್ನು ಹಿತ್ತಿಲಿಗೆ ತರುವುದಕ್ಕೆ ಗುಡ್ಡದ ಗಿಡವನ್ನು ಬೇರುಸಹಿತ ಕಿತ್ತು ತರಬೇಕಾಗಿಲ್ಲ. ಹಾಗೆ ಮಾಡುವುದು ಉಳಿದಿರುವುದನ್ನೂ ಕೆಡಿಸಿದಂತೆ. ಕಳಿತ ಹಣ್ಣಿನ ಬೀಜದಿಂದಲೂ, ಅರೆಬಲಿತ ಕಡ್ಡಿಯಿಂದಲೂ, ಕೊಂಬೆಯನ್ನು ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸುವುದರಿಂದಲೂ ಇದನ್ನು ಬೆಳೆಸಬಹುದು. ಬಿಸಿಲು ಬೀಳುವ, ನೀರು ನಿಲ್ಲದ, ಸುಣ್ಣವಿಲ್ಲದ ನೆಲವಾದರೆ ಸಾಕು. ಹತ್ತಿರದ ಬೇಲಿಗೆ ಒಂದು ಈಶ್ವರಿ ಬಳ್ಳಿಯನ್ನೂ ಹಬ್ಬಿಸಿದರೆ ಚಿಟ್ಟೆಯ ಸಂಸಾರವು ಪೂರ್ಣವಾಗುತ್ತದೆ. ಶಾಲೆಗಳ ಅಂಗಳದಲ್ಲಿಯೂ ದೇವಾಲಯಗಳ ಹೂದೋಟದಲ್ಲಿಯೂ ಇಂತಹ ನಾಲ್ಕಾರು ಪೊದೆಗಳಿದ್ದರೆ, ಗುಡ್ಡದಲ್ಲಿ ಕಳೆದುಹೋಗುತ್ತಿರುವ ವಂಶಕ್ಕೆ ಊರಿನಲ್ಲಿ ಒಂದು ನೆಲೆಯಾದೀತು.

ಓಲೆಗರಿಯ ವಿದ್ಯೆಯನ್ನು ಇಟ್ಟಿ ಅಚ್ಯುತನು ಹೇಳಿ ಬರೆಯಿಸದಿದ್ದರೆ ಆ ವಿದ್ಯೆಯಲ್ಲಿ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು. ಅವನ ಮನೆತನದ ಗ್ರಂಥಗಳು ಇಂದು ದೊರೆಯುವುದಿಲ್ಲ; ಅವನು ಹೇಳಿದ ಮಾತು ಮಾತ್ರ ಇದೆ. ಗಿಡದ ವಿಷಯದಲ್ಲಿ ಹಾಗಲ್ಲ. ಗಿಡವು ಹೋದ ಮೇಲೆ ಅದರ ವರ್ಣನೆಯು ಹನ್ನೆರಡು ಸಂಪುಟಗಳಲ್ಲಿದ್ದರೂ ಸೂರಕ್ಕಿಗೆ ಅದರಿಂದ ಒಂದು ಹನಿ ಮಧುವೂ ದೊರೆಯದು. ಕೇಪಳವು ಇನ್ನೂ ಇದೆ. ಕಿಸುಕಾರೆಯೆಂಬ ಹೆಸರೂ ಹಳಬರ ಬಾಯಲ್ಲಿ ಇದೆ. ಹೂವನ್ನು ಕಂಡ ಮಗುವು ಇದೇನೆಂದು ಕೇಳಿದಾಗ ಹಿರಿಯರು ಆ ಹೆಸರನ್ನು ಹೇಳಿದರೆ, ಹೆಸರೂ ಗಿಡವೂ ಇನ್ನೊಂದು ತಲೆಮಾರಿಗೆ ನಡೆದುಬರುವುವು.